ದೇಣಿಗೆ ಯಾಕೆ ಎಂದರೆ ದಾಳಿಯ ದಿನ ನೆನಪಾಯಿತು

ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. 2016ರಲ್ಲಿ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಹಿಲರಿ ಕ್ಲಿಂಟನ್ ಬಗ್ಗೆ ನಾನು ಬರೆದ ಲೇಖನ ನಿಮಗೆ ಹಿಡಿಸಿಲ್ಲ. ಬ್ಯಾಂಕಿನವರ ದೇಣಿಗೆ ಯಾಕೆ ಎಂದಾಗ ಅವರು 2001ರ ದಾಳಿಯ ಮಾತು ತೆಗೆದದ್ದು ಅವರ ನಂಟು ತೋರಿಸುತ್ತದೆ ಎಂದು ಅದರಲ್ಲಿ ಬರೆದಿದ್ದೆ. ಚರ್ಚೆಯ ಬಿಸಿಯಲ್ಲಿ ಬಾಯಿಗೆ ಬಂದ ಒಂದು ಮಾತು ಹಿಡಿದು ಬ್ಯಾಂಕಿನವರ ಜೊತೆ ನಂಟು ಕಟ್ಟುವುದು ಅನ್ಯಾಯ ಅಲ್ವಾ ಎಂದು ಕೇಳಿದ್ದೀರಿ. ಕೇಳಬೇಕಾದ ಪ್ರಶ್ನೆಯೇ.

ಆ ಮಾತು ಬಂದದ್ದು 2015ರ ನವೆಂಬರ್ 14ರಂದು, ಅಯೋವಾ ರಾಜ್ಯದಲ್ಲಿ ಅಧ್ಯಕ್ಷ ಚುನಾವಣೆಗೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ ಆಗಲು ಹೊರಟವರ ಚರ್ಚೆಯಲ್ಲಿ. ವಾಲ್ ಸ್ಟ್ರೀಟ್‌ನವರು, ಅಂದರೆ ನ್ಯೂಯಾರ್ಕಿನ ದೊಡ್ಡ ಬ್ಯಾಂಕು, ಹಣಕಾಸು ಕಂಪನಿಗಳವರು, ಇಷ್ಟು ವರ್ಷ ಹಿಲರಿಗೆ ಇಷ್ಟೊಂದು ದೇಣಿಗೆ ಯಾಕೆ ಕೊಟ್ಟರು ಎಂದು ಎದುರಾಳಿ ಬರ್ನಿ ಸ್ಯಾಂಡರ್ಸ್ ಕೇಳಿದರು. ನನಗೆ ಕೊಡುವವರಲ್ಲಿ ನೂರಕ್ಕೆ 60 ಜನ ಹೆಂಗಸರು ಎಂದರು ಹಿಲರಿ. ಅಲ್ಲಿಗೆ ನಿಲ್ಲಿಸಲಿಲ್ಲ. 2001ರ ಸೆಪ್ಟೆಂಬರ್ 11ರಂದು ನಾನು ನ್ಯೂಯಾರ್ಕಿನ ಸೆನೆಟರ್ ಆಗಿದ್ದೆ, ಭಯೋತ್ಪಾದಕರ ದಾಳಿ ಆದದ್ದು ವಾಲ್ ಸ್ಟ್ರೀಟ್ ಇರುವ ಮ್ಯಾನ್‌ಹಟನ್‌ನಲ್ಲೇ, ಅವರು ಮತ್ತೆ ಎದ್ದು ನಿಲ್ಲಲು ತುಂಬ ದುಡಿದೆ ಎಂದರು.

ದುಡಿದದ್ದು ನಿಜ. ಆ ಬೆಳಿಗ್ಗೆ ಕ್ಯಾಂಟರ್ ಫಿಟ್ಜ್‌ಜೆರಾಲ್ಡ್ ಎಂಬ ಒಂದೇ ಹಣಕಾಸು ಕಂಪನಿಯ 658 ಜನ ಸತ್ತರು. ಬೆಂಕಿ ಆರಿಸಲು ಹೋದ 343 ಸಿಬ್ಬಂದಿ ಸತ್ತರು. ಬದುಕಿ ಉಳಿದು ಕಾಯಿಲೆ ಬಿದ್ದವರ ಚಿಕಿತ್ಸೆಗೂ ಹಿಲರಿ ಓಡಾಡಿದ್ದಾರೆ. ನನಗೆ ನೋವಾದದ್ದು ಅದಕ್ಕೇ. ಅದು ಇಡೀ ಊರಿನ ದುಃಖ. ಅದನ್ನು ಬ್ಯಾಂಕಿನವರ ಚೆಕ್ಕಿಗೆ ಸಮಜಾಯಿಷಿ ಮಾಡಬಾರದಿತ್ತು.

ಬ್ಯಾಂಕಿನವರು ದುಡ್ಡು ಕೊಟ್ಟು ಸೆನೆಟ್ಟಿನಲ್ಲಿ ಹಿಲರಿಯ ವೋಟು ಕೊಂಡರು ಎಂದು ನಾನು ಬರೆದಿಲ್ಲ. ಆ ರಾತ್ರಿಯೇ ಅವರು 2008ರಲ್ಲಿ ಮುಗ್ಗರಿಸಿದ ಎಐಜಿ, ಲೀಮನ್ ಬ್ರದರ್ಸ್ ಎಂಬ ಹಣಕಾಸು ಕಂಪನಿಗಳ ಹೆಸರು ಹೇಳಿ ಬಿಗಿ ಕಾನೂನು ಬೇಕು ಎಂದೂ ವಾದಿಸಿದ್ದರು. ಆದರೆ ನಂಟು ಅಂದರೆ ಲಂಚ ಒಂದೇ ಅಲ್ಲ. ಯಾರ ಕಷ್ಟ ಮೊದಲು ಕಣ್ಣ ಮುಂದೆ ಬರುತ್ತದೆ ಅನ್ನುವುದೂ ನಂಟೇ. ದೇಣಿಗೆ ಯಾಕೆ ಎಂದಾಗ ಅವರಿಗೆ ನೆನಪಾದದ್ದು ವಾಲ್ ಸ್ಟ್ರೀಟ್ ಪೆಟ್ಟು ತಿಂದ 2001. ಅದೇ ವಾಲ್ ಸ್ಟ್ರೀಟ್‌ನಿಂದ ಜನ ಮನೆ ಕಳೆದುಕೊಂಡ ಹಣಕಾಸು ಬಿಕ್ಕಟ್ಟಿನ 2008 ಅಲ್ಲ.

ಇದೊಂದೇ ಮಾತಾಗಿದ್ದರೆ ನಾನೂ ಬಿಟ್ಟುಬಿಡುತ್ತಿದ್ದೆ. 2016ರ ಫೆಬ್ರವರಿ 3ರಂದು ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಟಿವಿ ಪತ್ರಕರ್ತ ಆಂಡರ್ಸನ್ ಕೂಪರ್ ಹಿಲರಿಯನ್ನು ನೇರವಾಗಿ ಕೇಳಿದರು: ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕಿನಲ್ಲಿ ಮೂರು ಭಾಷಣಕ್ಕೆ 6,75,000 ಡಾಲರ್, ಅಷ್ಟು ತಗೊಳ್ಳಬೇಕಿತ್ತಾ? 'ಗೊತ್ತಿಲ್ಲ, ಅವರು ಕೊಡ್ತೀವಿ ಅಂದದ್ದೇ ಅಷ್ಟು' ಎಂದರು. ಒಂದು ಭಾಷಣಕ್ಕೆ 2,25,000 ಡಾಲರ್. ಆಗ ಅಮೆರಿಕದ ಸಾಧಾರಣ ಮನೆಯೊಂದಕ್ಕೆ ಅದು ಸುಮಾರು ನಾಲ್ಕು ವರ್ಷದ ಆದಾಯ. ಆ ಲೆಕ್ಕ ಅವರಿಗೆ ದೊಡ್ಡದು ಅನ್ನಿಸಲೇ ಇಲ್ಲ.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಅವರ ಕೆಲವು ಭಾಷಣಗಳ ತುಣುಕುಗಳು ಗುಟ್ಟಿನ ಕಡತಗಳನ್ನು ಬಯಲು ಮಾಡುವ ವಿಕಿಲೀಕ್ಸ್ ಜಾಲತಾಣದಲ್ಲಿ ಹೊರಬಿದ್ದವು. 2014ರ ಒಂದು ಭಾಷಣದಲ್ಲಿ, ತಾವು ಮಧ್ಯಮ ವರ್ಗದ ಬದುಕಿನಿಂದ ಈಗ ದೂರ ಬಂದಿದ್ದರೂ ಅದನ್ನು ಮರೆತಿಲ್ಲ ಎಂದು ಅವರೇ ಒಪ್ಪಿಕೊಂಡಿದ್ದರು. ಕೇಳುತ್ತ ಕೂತಿದ್ದವರು ಹಣಕಾಸು ಕಂಪನಿಯವರು. ಅಯೋವಾದ ವೇದಿಕೆಯಲ್ಲಿ ಸ್ಯಾಂಡರ್ಸ್‌ಗೆ ಅಷ್ಟು ಹೇಳಿದ್ದರೆ ನಾನು ಆ ಲೇಖನ ಬರೆಯುತ್ತಿರಲಿಲ್ಲ.

– ಸಂಪಾದಕ