ರೋಬೋಟ್‌ಗೆ ತೆರಿಗೆ ಹಾಕಿದರೆ ಕೆಲಸ ಉಳಿಯುತ್ತದೆಯೇ?

ಯಂತ್ರಗಳು ಕೆಲಸ ಕಿತ್ತುಕೊಳ್ಳುವಾಗ ಸರ್ಕಾರ ರೋಬೋಟ್‌ಗಳಿಗೆ ತೆರಿಗೆ ಹಾಕಿ, ಆ ದುಡ್ಡಲ್ಲಿ ತರಬೇತಿ ಕೊಟ್ಟರೆ ಸಾಕಲ್ಲವೇ ಎಂದು ಕೇಳಿದ್ದೀರಿ. ಸಾಲದು ಎನ್ನುವುದು ನನ್ನ ಉತ್ತರ. ನೆರವು ಯಾರಿಗೆ, ಯಾವ ದಿನದಿಂದ ಸಿಗುತ್ತದೆ ಎಂಬುದರ ಮೇಲೆಯೇ ಎಲ್ಲ ನಿಂತಿದೆ.

ಮೊದಲು ತೆರಿಗೆ. ವೆಲ್ಡಿಂಗ್ ಮಾಡುವ ಯಂತ್ರದ ತೋಳು ರೋಬೋಟ್, ಒಪ್ಪೋಣ. ಹತ್ತು ಗುಮಾಸ್ತರ ಕೆಲಸ ಮುಗಿಸುವ ಸಾಫ್ಟ್‌ವೇರ್? ಕಾಯ್ದೆಗೆ ವ್ಯಾಖ್ಯಾನ ಬರೆಯಲು ಕೂತ ಕೂಡಲೇ ಎಡವುತ್ತೇವೆ. ಐರೋಪ್ಯ ಸಂಸತ್ತು 2017ರಲ್ಲಿ ರೋಬೋಟ್ ತೆರಿಗೆಯ ಸಲಹೆಯನ್ನು ಕೈಬಿಟ್ಟಿತು. ಅದೇ ವರ್ಷ ದಕ್ಷಿಣ ಕೊರಿಯಾ ಹೆಚ್ಚು ಜಾಣತನದ ದಾರಿ ಹಿಡಿಯಿತು: ಯಾಂತ್ರೀಕರಣದ ಹೂಡಿಕೆಗೆ ಕೊಡುತ್ತಿದ್ದ ತೆರಿಗೆ ರಿಯಾಯಿತಿಯನ್ನು ತಗ್ಗಿಸಲು ಮುಂದಾಯಿತು. ಯಂತ್ರ ಕೊಂಡರೆ ರಿಯಾಯಿತಿ, ಆಳು ಇಟ್ಟರೆ ಸಾಮಾಜಿಕ ಭದ್ರತೆಯ ವಂತಿಗೆ ಎಂದಿರುವ ಕಡೆ ಸರ್ಕಾರವೇ ಯಂತ್ರದ ಪರ ತಕ್ಕಡಿ ವಾಲಿಸಿರುತ್ತದೆ. ಅದನ್ನು ಸರಿಪಡಿಸಲು ರೋಬೋಟ್ ಅಂದರೇನು ಎಂದು ಯಾರೂ ವ್ಯಾಖ್ಯಾನಿಸಬೇಕಿಲ್ಲ.

ಇನ್ನು ಕೆಲಸ ಕಳೆದುಕೊಂಡವರ ವಿಷಯ. ಅಮೆರಿಕ 1962ರಲ್ಲೇ ಆಮದಿನ ಪೈಪೋಟಿಯಿಂದ ಕೆಲಸ ಹೋದವರಿಗೆ ಒಂದು ಯೋಜನೆ ತಂದಿತು. ಆದರೆ ಆಮದೇ ಕಾರಣ ಎಂದು ತೋರಿಸಬೇಕಿತ್ತು. ಯಂತ್ರ ಬಂದು ಕೆಲಸ ಹೋದವರಿಗೆ ಬಾಗಿಲು ಮುಚ್ಚಿತ್ತು. ಈ ತಪ್ಪು ಮತ್ತೆ ಆಗಬಾರದು. ಯಾಂತ್ರೀಕರಣ ಬಹಳಷ್ಟು ಸಲ ಸದ್ದಿಲ್ಲದೆ ಬರುತ್ತದೆ: ನಿವೃತ್ತರ ಜಾಗ ತುಂಬುವುದಿಲ್ಲ, ಗುತ್ತಿಗೆ ನವೀಕರಿಸುವುದಿಲ್ಲ. ಕಾರಣ ಸಾಬೀತು ಮಾಡು ಎಂದರೆ ಕಾರ್ಮಿಕ ಹೇಗೆ ಮಾಡಿಯಾನು? ಕೆಲಸ ಹೋಗಿದೆ ಎಂಬುದೊಂದೇ ಅರ್ಹತೆಯಾಗಬೇಕು.

ಸ್ವೀಡನ್ನಿನಲ್ಲಿ ಮಾಲೀಕರೂ ಕಾರ್ಮಿಕ ಸಂಘಗಳೂ ಸೇರಿ 1970ರ ದಶಕದಿಂದ ನಡೆಸುತ್ತಿರುವ ಉದ್ಯೋಗ ಭದ್ರತಾ ಮಂಡಳಿಗಳಿವೆ. ಕಂಪನಿಗಳು ಸಂಬಳದ ಮೊತ್ತದ ಒಂದು ಸಣ್ಣ ಪಾಲನ್ನು ಅವಕ್ಕೆ ಕಟ್ಟುತ್ತವೆ. ನೋಟಿಸ್ ಸಿಕ್ಕಾಗಲೇ, ಅಂದರೆ ಸಂಬಳ ಇನ್ನೂ ಬರುತ್ತಿರುವಾಗಲೇ, ಸಲಹೆಗಾರರು ಜೊತೆಗಿರುತ್ತಾರೆ.

ತರಬೇತಿ ಸೋಲುವುದು ಎರಡು ಕಡೆ. ಸಾಲ, ಮಕ್ಕಳ ಓದು ತಲೆಮೇಲಿರುವ 45ರ ವ್ಯಕ್ತಿ ಆದಾಯವಿಲ್ಲದೆ ಒಂದು ವರ್ಷ ತರಗತಿಯಲ್ಲಿ ಕೂರಲಾರ. ಕಲಿಕೆಯ ಅವಧಿಗೆ ಭತ್ಯೆ ಇಲ್ಲದಿದ್ದರೆ ನಡುವೆಯೇ ಬಿಡುತ್ತಾನೆ. ಎರಡನೆಯದಾಗಿ, ಸಂಸ್ಥೆಯಲ್ಲಿ ಯಾವ ಕೋರ್ಸ್ ಇದೆಯೋ ಅದನ್ನೇ ಕಲಿಸುತ್ತಾರೆ. ಖಾಲಿ ಹುದ್ದೆ ಇರುವ ಕಂಪನಿಗಳು ಪಠ್ಯ ರೂಪಿಸಲು, ಅಭ್ಯರ್ಥಿಗಳನ್ನು ಆರಿಸಲು ಮೊದಲ ದಿನವೇ ಕೂರಬೇಕು.

50 ದಾಟಿದವರಿಗೆ ವೇತನ ವಿಮೆ ಹೆಚ್ಚು ಒಗ್ಗುತ್ತದೆ. ಮೇಲಿನ ಅಮೆರಿಕದ ಯೋಜನೆಗೆ ಆಮೇಲೆ ಇದು ಸೇರಿತು: ಹೊಸ ಕೆಲಸದ ಸಂಬಳ ಕಡಿಮೆಯಿದ್ದರೆ ಕೊರತೆಯ ಅರ್ಧ, ಎರಡು ವರ್ಷದಲ್ಲಿ ಗರಿಷ್ಠ 10,000 ಡಾಲರ್. ವರ್ಷಕ್ಕೆ 40,000 ಇದ್ದದ್ದು 30,000 ಆದರೆ, ವರ್ಷಕ್ಕೆ 5,000 ಕೈಸೇರುತ್ತಿತ್ತು (2022ರಲ್ಲಿ ಆ ಯೋಜನೆ ಹೊಸಬರಿಗೆ ನಿಂತಿತು). ಹಳೆಯ ಸಂಬಳಕ್ಕೇ ಕಾದು ತಿಂಗಳುಗಟ್ಟಲೆ ಕೂರುವುದು ತಪ್ಪುತ್ತದೆ, ಹೊಸ ಕೆಲಸವನ್ನು ಮಾಡುತ್ತಲೇ ಕಲಿಯಬಹುದು.

ಮೂಲ ಆದಾಯದ, ಅಂದರೆ ಷರತ್ತಿಲ್ಲದೆ ಪ್ರತಿ ತಿಂಗಳೂ ಕೊಡುವ ಹಣದ ಬಗ್ಗೆಯೂ ಕೇಳುತ್ತಾರೆ. ಫಿನ್‌ಲ್ಯಾಂಡ್ 2017–18ರಲ್ಲಿ 2,000 ನಿರುದ್ಯೋಗಿಗಳಿಗೆ ತಿಂಗಳಿಗೆ 560 ಯೂರೋ ಕೊಟ್ಟು ನೋಡಿತು. ಅವರ ನೆಮ್ಮದಿ ಹೆಚ್ಚಿತು, ಉದ್ಯೋಗದಲ್ಲಿ ವ್ಯತ್ಯಾಸ ಅತ್ಯಲ್ಪ.

ಜರ್ಮನಿಯ ಅಲ್ಪಾವಧಿ ದುಡಿಮೆ ಯೋಜನೆಯನ್ನು ಇಲ್ಲಿಗೆ ಹಾಗೇ ತರಬೇಡಿ. ಕೆಲಸದಿಂದ ತೆಗೆಯುವ ಬದಲು ದುಡಿಮೆಯ ಗಂಟೆ ತಗ್ಗಿಸಿದಾಗ, ಕೈತಪ್ಪಿದ ನಿವ್ವಳ ಸಂಬಳದ 60%, ಮಕ್ಕಳಿದ್ದರೆ 67% ಭರಿಸುವ ಆ ವ್ಯವಸ್ಥೆ ಬೇಡಿಕೆ ತಾತ್ಕಾಲಿಕವಾಗಿ ಕುಸಿದಾಗ ಚೆನ್ನ. ಮರಳಿ ಬಾರದ ಕೆಲಸಕ್ಕೆ ಅದನ್ನು ಬಳಸಿದರೆ, ಹೊಸದನ್ನು ಕಲಿಯಬೇಕಾದ ತಿಂಗಳುಗಳೇ ಕೈಜಾರುತ್ತವೆ.