ಬಸ್ಕರ್‌ಗೆ ಉರ್ದುವಿನಲ್ಲಿ ಏನಂತಾರೆ?

ಪತ್ರ: ಕಳೆದ ಸಂಚಿಕೆಯ ಲಂಡನ್ ಪ್ರವಾಸ ಲೇಖನದಲ್ಲಿ ಸುರಂಗ ರೈಲಿನ ನಿಲ್ದಾಣದಲ್ಲಿ ಗಿಟಾರು ಬಾರಿಸುವ ‘ಬಸ್ಕರ್’ ಬಗ್ಗೆ ಬರೆದು, ಪಕ್ಕದಲ್ಲೇ ‘ಹಾಡುವ ಭಿಕ್ಷುಕ’ ಅಂತ ಅರ್ಥ ಕೊಟ್ಟಿದ್ದೀರಿ. ಕನ್ನಡ ಓದಲು ಬಾರದ ಗೆಳೆಯರೊಬ್ಬರಿಗಾಗಿ ಆ ಲೇಖನವನ್ನು ಉರ್ದುವಿಗೆ ಮಾಡುತ್ತಿದ್ದೇನೆ. ಮೊಬೈಲು ‘ಬಾಜೀಗರ್’ ಅನ್ನುತ್ತದೆ. ನೆರೆಮನೆಯವರು ‘ಮದಾರಿ’ ಅನ್ನುತ್ತಾರೆ. ನಿಮ್ಮ ಅರ್ಥ ಹಿಡಿದರೆ ‘ಭಿಕಾರಿ’ ಆಗಬೇಕು. ಯಾವುದು ಸರಿ?
— ನಿವೃತ್ತ ಶಿಕ್ಷಕರು, ಬೀದರ್

ಉತ್ತರ: ಮಾಸ್ತರೇ, ಮೊದಲು ತಪ್ಪು ಒಪ್ಪಿಕೊಳ್ಳುತ್ತೇನೆ. ‘ಹಾಡುವ ಭಿಕ್ಷುಕ’ ಅಂತ ಬರೆದವರು ಲೇಖಕರಲ್ಲ, ನಾನು. ಪುಟ ಕಳಿಸುವ ಅವಸರದಲ್ಲಿ ಸೇರಿಸಿದೆ. ಲಂಡನ್ ಸುರಂಗ ರೈಲಿನಲ್ಲಿ 2003ರಿಂದ ಬಸ್ಕರುಗಳಿಗೆ ಪರವಾನಗಿ ಕೊಡುತ್ತಿದ್ದಾರೆ. ಮುಂಚೆ ಹಾಡಿಸಿ ನೋಡುತ್ತಾರೆ, ಆಮೇಲೆ ನೆಲದ ಮೇಲೆ ಗುರುತು ಮಾಡಿದ ಜಾಗ ಕೊಡುತ್ತಾರೆ. ಪರೀಕ್ಷೆ ಪಾಸಾಗಿ ಬಂದವನನ್ನು ಭಿಕ್ಷುಕ ಅಂದುಬಿಟ್ಟೆ.

ಇಂಗ್ಲಿಷಿನ ಆ ಮಾತು ಹುಟ್ಟಿದ್ದು ‘ಹುಡುಕು’ ಅನ್ನುವ ಅರ್ಥದ ಸ್ಪ್ಯಾನಿಷ್ ‘ಬುಸ್ಕಾರ್’ನಿಂದ ಅನ್ನುತ್ತಾರೆ. 19ನೇ ಶತಮಾನದ ನಡುವೆ ಲಂಡನ್ನಿನ ಬಡವರ ಬದುಕನ್ನು ಬರೆದಿಟ್ಟ ಹೆನ್ರಿ ಮೇಹ್ಯೂ ಇದನ್ನು ದಾಖಲಿಸಿದ್ದಾನೆ. ಹೆಂಡದಂಗಡಿಗೆ ಹೋಗಿ ಹಾಡಿ, ಕುಣಿದು, ಕಾಸು ಸಂಪಾದಿಸುವುದಕ್ಕೆ ಆಗ ಈ ಹೆಸರು. ಹಾಡುವವನೂ ಬಸ್ಕರ್, ಬೆಂಕಿ ನುಂಗುವವನೂ ಬಸ್ಕರ್. ಏನು ಮಾಡುತ್ತಾನೆ ಅನ್ನುವುದು ಈ ಪದಕ್ಕೆ ಬೇಕಿಲ್ಲ. ಟಿಕೆಟ್ ಇಲ್ಲದೆ ಮಾಡಿ, ಕೊನೆಗೆ ಟೋಪಿ ಮುಂದಿಡುತ್ತಾನೆ, ಅಷ್ಟು ಸಾಕು.

ಉರ್ದುವಿಗೆ ಹಾಗೆ ಆಗುವುದಿಲ್ಲ. ಅಲ್ಲಿ ಪ್ರತಿ ಕಸುಬಿಗೂ ಬೇರೆ ಹೆಸರು, ಅನೇಕ ಸಲ ಬೇರೆ ಕುಲವೇ. ಹಗ್ಗದ ಮೇಲೆ ನಡೆಯುವವನು ನಟ್. ನಮ್ಮ ದೊಂಬರ ಹಾಗೆ. ವೇಷ ಹಾಕಿ ಬಾಗಿಲಿಗೆ ಬರುವವನು ಬಹುರೂಪಿಯಾ. ನಮ್ಮಲ್ಲಿ ಹಗಲುವೇಷದವರು ಇದ್ದಾರಲ್ಲ, ಹಾಗೆ. ಇನ್ನೊಬ್ಬರನ್ನು ಅಣಕಿಸುವವನು ನಕ್ಕಾಲ್. ಪಂಜಾಬಿನ ಎರಡೂ ಕಡೆ, ನಮ್ಮಲ್ಲೂ ಪಾಕಿಸ್ತಾನದಲ್ಲೂ, ಜನರನ್ನು ನಗಿಸುವ ಭಾಂಡರು ಜೋಡಿಯಾಗಿ ಮದುವೆಮನೆಗೆ ಬರುತ್ತಾರೆ. ಒಬ್ಬನ ಕೈಯಲ್ಲಿ ಚರ್ಮದ ಪಟ್ಟಿ. ಇನ್ನೊಬ್ಬ ತಲೆಹರಟೆ ಉತ್ತರ ಕೊಟ್ಟಾಗೆಲ್ಲ ಅದರಿಂದ ಫಟ್ ಅಂತ ಒಂದು ಏಟು. ಪೇಶಾವರದಲ್ಲಂತೂ ಕತೆ ಹೇಳುವವರ ಹೆಸರಲ್ಲಿ ಒಂದು ಬಜಾರೇ ಇದೆ, ಕಿಸ್ಸಾ ಖ್ವಾನಿ ಬಜಾರ್.

ಇನ್ನು ನಿಮ್ಮ ಮೊಬೈಲಿನ ‘ಬಾಜೀಗರ್’. ಪಾರ್ಸಿಯಲ್ಲಿ ಬಾಜಿ ಅಂದರೆ ಆಟ. ನಾವು ‘ಬಾಜಿ ಕಟ್ಟು’ ಅನ್ನುವಾಗ ಬಾಯಿಗೆ ಬರುವುದೂ ಅದೇ. ಬಾಜೀಗರ್ ಅಂದರೆ ಕಸರತ್ತು, ಕೈಚಳಕ ತೋರಿಸುವವನು. ಲಾಗ ಹಾಕುವವನಿಗೆ ಸರಿ, ಗಿಟಾರಿನವನಿಗೆ ಒಗ್ಗುವುದಿಲ್ಲ.

ನೆರೆಮನೆಯವರ ‘ಮದಾರಿ’ ಮಾತ್ರ ನನಗೆ ಬಹಳ ಇಷ್ಟದ ಪದ. ಕಾನ್ಪುರದ ಹತ್ತಿರದ ಮಕನ್‌ಪುರದಲ್ಲಿ ಸೂಫಿ ಸಂತ ಶಾ ಮದಾರರ ದರ್ಗಾ ಇದೆ. ಅವರ ಪಂಥದ ಫಕೀರರಿಗೆ ಮದಾರಿಗಳು ಅಂತ ಹೆಸರು. ಹೆಸರು ಸಂತರಿಂದ ಫಕೀರರಿಗೆ, ಅಲ್ಲಿಂದ ಜಾದೂ ಮಾಡುವವರಿಗೆ, ಮಂಗ ಆಡಿಸುವವರಿಗೆ ಇಳಿದು ಬಂತು. ಈಗ ಉರ್ದುವಿನಲ್ಲಿ ರಾಜಕಾರಣಿಯನ್ನು ಬಯ್ಯುವಾಗಲೂ ಮದಾರಿ ಅಂತಾರೆ.

ಚಿಕ್ಕವನಿದ್ದಾಗ ನಮ್ಮೂರ ಸಂತೆಯಲ್ಲಿ ಒಬ್ಬ ಮದಾರಿ ನೋಡಿದ್ದೆ. ಡುಗ್‌ಡುಗಿ ಬಾರಿಸಿ ಜನ ಸೇರಿಸಿದ. ತನ್ನ ಹುಡುಗನನ್ನು ನೆಲದ ಮೇಲೆ ಮಲಗಿಸಿ ಕಪ್ಪು ಚಾದರ ಹೊದಿಸಿದ. “ಜಮೂರೇ!” ಅಂದ. ಮದಾರಿಯ ಜೊತೆಗಾರ ಹುಡುಗನಿಗೆ ಜಮೂರಾ ಅಂತ ಹೆಸರು. ಚಾದರದ ಒಳಗಿಂದ “ಜೀ ಉಸ್ತಾದ್!” ಬಂತು. “ಈ ಗೌಡ್ರ ಜೇಬಲ್ಲಿ ಏನಿದೆ ಹೇಳ್ತೀಯಾ?” “ಹೇಳ್ತೀನಿ ಉಸ್ತಾದ್!” ಗೌಡರು ಜೇಬು ಹಿಡಿದುಕೊಂಡರು. ಎಲ್ಲರೂ ಉಸಿರು ಬಿಗಿಹಿಡಿದಿದ್ದೇವೆ. ಅಷ್ಟರಲ್ಲಿ ಉಸ್ತಾದ್ ಆಟ ನಿಲ್ಲಿಸಿಬಿಟ್ಟ! ಹುಡುಗ ಎದ್ದು ತಟ್ಟೆ ಹಿಡಿದು ಸುತ್ತ ಬಂದ. ಕಾಸು ಬಿದ್ದ ಮೇಲೆಯೇ ಮತ್ತೆ ಚಾದರದೊಳಗೆ ಹೋದ. ಜೇಬಲ್ಲಿ ಇದ್ದದ್ದು ಬೀಡಿ ಕಟ್ಟು. ಗೌಡರಿಗೆ ಹೆಂಡತಿ ಎದುರು ನಾಚಿಕೆಯೋ ನಾಚಿಕೆ.

ಲಂಡನ್ನಿನ ಬೀದಿ ಆಟಗಾರರೂ ಟೋಪಿಯ ಮಾತು ಎತ್ತುವುದು ಕೊನೆಯ ಪಟ್ಟು ಬಾಕಿ ಇರುವಾಗಲೇ. ಕಾಸು ಎತ್ತುವ ಜೊತೆಗಾರನಿಗೆ ಅವರಲ್ಲಿ ‘ಬಾಟ್ಲರ್’ ಅಂತ ಹೆಸರು. ನಮ್ಮ ಜಮೂರಾನೇ ಅಲ್ವಾ! ಈ ಜನ ಸೇರಿಸುವ ಕಲೆಗೆ ಉರ್ದುವಿನಲ್ಲಿ ‘ಮಜ್ಮಾ ಲಗಾನಾ’ ಅಂತಾರೆ. ಬಸ್ಕಿಂಗ್‌ಗೆ ಹತ್ತಿರ ಬರುವುದು ಇದು. ಆದರೆ ಬೇರು, ನಾರು, ಭಸ್ಮ ಮಾರುವವನು ಮಾಡುವುದೂ ಮಜ್ಮಾನೇ. ಹಾಗಾಗಿ ಇದೂ ಪೂರ್ತಿ ಕೂರುವುದಿಲ್ಲ.

‘ಭಿಕಾರಿ’ ಮಾತ್ರ ಖಂಡಿತ ಬೇಡ. ಆ ಪದ ಸುಮ್ನೆ ಬಯ್ಗುಳವಾಗಿ ನಿಲ್ಲುವುದಿಲ್ಲ, ಜೈಲಿಗೂ ಕಳಿಸುತ್ತದೆ. 1959ರ ಮುಂಬಯಿ ಭಿಕ್ಷಾಟನೆ ತಡೆ ಕಾಯ್ದೆ ಹಾಡು, ಕುಣಿತ, ಆಟದ ನೆಪದಲ್ಲಿ ಕಾಸು ಪಡೆಯುವುದನ್ನೂ ಭಿಕ್ಷೆ ಅಂದಿತು. ದೆಹಲಿಗೂ ಅದೇ ಕಾಯ್ದೆ ಹೋಯಿತು. ಅಲ್ಲಿ ಗೊಂಬೆಯಾಟದವರು, ಜಾದೂಗಾರರು ತುಂಬಿದ್ದ ಕಠ್‌ಪುತ್ಲಿ ಕಾಲೋನಿಯ ಜನ ಬೀದಿಗಿಳಿದು ಆಡಿದರೆ ಕಾನೂನಿನ ಕಣ್ಣಲ್ಲಿ ಭಿಕ್ಷುಕರು. 2018ರಲ್ಲಿ ದೆಹಲಿ ಹೈಕೋರ್ಟು ಆ ಕಾಯ್ದೆಯ ಬಹುಪಾಲನ್ನು ಅಲ್ಲಿ ರದ್ದು ಮಾಡಿತು. ಕಾಲೋನಿಯನ್ನು ಅದಕ್ಕೆ ಒಂದು ವರ್ಷ ಮೊದಲೇ ಕೆಡವಿದ್ದರು.

ಹಾಗಂತ ಹಳೆಯದೆಲ್ಲ ಚಂದ ಅನ್ನುತ್ತಿಲ್ಲ. ಕಲಂದರರು ಕುಣಿಸುತ್ತಿದ್ದ ಕರಡಿಗಳ ಮೂಗಿಗೆ ಚುಚ್ಚಿದ ಹಗ್ಗ ನೋಡಿದವರಿಗೆ ಆ ಆಟ ನಿಂತದ್ದೇ ಸಮಾಧಾನ. ಕೊನೆಯ ಕುಣಿಯುವ ಕರಡಿ ಅಂತ ಹೇಳಲಾದ ಒಂದು 2009ರಲ್ಲಿ ನಮ್ಮ ಬನ್ನೇರುಘಟ್ಟಕ್ಕೇ ಬಂತು.

ಈಗ ನಿಮ್ಮ ಅನುವಾದ. ನಾನಾಗಿದ್ದರೆ ಮೊದಲ ಸಲ ‘ಸಡಕ್ ಪರ್ ಗಾನೇವಾಲಾ’ ಅಂತ ಬಿಡಿಸಿ ಬರೆದು, ಮುಂದೆ ‘ಬಸ್ಕರ್’ ಅನ್ನೇ ಉರ್ದು ಲಿಪಿಯಲ್ಲಿ ಇಡುತ್ತಿದ್ದೆ. ಲೇಖನದ ಕೊನೆಯಲ್ಲಿ ಮೂರು ಚೆಂಡು ಎಸೆದು ಹಿಡಿಯುವವನೊಬ್ಬ ಬರುತ್ತಾನಲ್ಲ, ಅಲ್ಲಿ ಮೊಬೈಲಿನ ‘ಬಾಜೀಗರ್’ ಧಾರಾಳವಾಗಿ ಹಾಕಿ. ನಮ್ಮ ತಿದ್ದುಪಡಿ ಇದೇ ಸಂಚಿಕೆಯ 4ನೇ ಪುಟದಲ್ಲಿದೆ.

— ಸಂಪಾದಕ