ನಿಮ್ಮ ಶ್ಯಾಕಲ್ಟನ್ ಲೇಖನವನ್ನು ವಾಪಸ್ ಕಳಿಸುತ್ತಿದ್ದೇನೆ

ನಮಸ್ಕಾರ.

ಬ್ರಿಟನ್ನಿನ ಶ್ಯಾಕಲ್ಟನ್ ವಿಮಾನದ ಬಗ್ಗೆ ನೀವು ಬರೆದದ್ದನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲಾರೆ. ಬಿಟ್ಟುಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಪತ್ರ.

ಮೊದಲ ಐದು ಪುಟ ಬರೀ ಅಳತೆ. ರೆಕ್ಕೆ ಎಷ್ಟುದ್ದ, ತೂಕ ಎಷ್ಟು, ಟ್ಯಾಂಕಿಗೆ ಎಷ್ಟು ಹಿಡಿಯುತ್ತದೆ. ಗಾಡಿಯ ಆರ್‌ಸಿ ಓದಿದ ಹಾಗಾಯಿತು. ಆರನೇ ಪುಟದ ಕೊನೆಯಲ್ಲಿ ಒಂದು ಸಾಲಿದೆ: ‘ಇದರ ರೇಡಾರನ್ನು ಗ್ಯಾನೆಟ್ ವಿಮಾನಗಳಿಂದ ಬಿಚ್ಚಿ ತಂದರು.’ ಅಯ್ಯೋ, ನಿಮ್ಮ ಕಥೆ ಶುರುವಾಗುವುದೇ ಅಲ್ಲಿ!

ನೋಡಿ, ನೆಲದ ಮೇಲಿನ ರೇಡಾರಿಗೆ ಭೂಮಿಯ ದುಂಡೇ ಅಡ್ಡ. ಸಮುದ್ರಕ್ಕೆ ಅಂಟಿಕೊಂಡಂತೆ ಹಾರಿ ಬರುವ ವಿಮಾನ ತೀರಾ ಹತ್ತಿರ ಬರುವ ತನಕ ಕಾಣುವುದಿಲ್ಲ. ರೇಡಾರನ್ನೇ ಮೇಲೆ ಹೊತ್ತು ಹಾರಿದರೆ ದೂರದಿಂದಲೇ ಸಿಗುತ್ತದೆ. ಇಷ್ಟು ಹೇಳಲು ನೀವು ‘ವೈಮಾನಿಕ ಪೂರ್ವಸೂಚನಾ ವ್ಯವಸ್ಥೆ’ ಎಂದು ಹನ್ನೊಂದು ಸಲ ಬರೆದಿದ್ದೀರಿ. ಒಮ್ಮೆಯೂ ಬಿಡಿಸಿ ಹೇಳಿಲ್ಲ.

ಬ್ರಿಟನ್ನಿನಲ್ಲಿ ಈ ಕೆಲಸ ನೌಕಾಪಡೆಯ ಗ್ಯಾನೆಟ್‌ಗಳದು. ಅವು ಹಾರುತ್ತಿದ್ದದ್ದು ವಿಮಾನವಾಹಕ ಹಡಗುಗಳಿಂದ. 1966ರಲ್ಲಿ ಸರ್ಕಾರ ಆ ಹಡಗುಗಳನ್ನೇ ಕೈಬಿಡಲು ಹೊರಟಿತು. ಹಾಗಾದರೆ ಕಾವಲು ಯಾರದು? ಆಗ ಕಣ್ಣಿಗೆ ಬಿದ್ದದ್ದು ಶ್ಯಾಕಲ್ಟನ್. 1949ರಲ್ಲಿ ಮೊದಲು ಹಾರಿದ್ದು, ಲ್ಯಾಂಕಾಸ್ಟರ್ ಬಾಂಬರಿನ ವಂಶ, ಜಲಾಂತರ್ಗಾಮಿ ಹುಡುಕಲು ಕಟ್ಟಿದ್ದು. ಆ ಕೆಲಸಕ್ಕೆ ನಿಮ್ರಾಡ್ ಜೆಟ್ ಬಂದಿದ್ದರಿಂದ ಇವು ಬಿಡುವಾಗಿದ್ದವು. 12 ಶ್ಯಾಕಲ್ಟನ್‌ಗಳಿಗೆ ಗ್ಯಾನೆಟ್‌ಗಳ ಎಪಿಎಸ್-20 ರೇಡಾರ್ ಜೋಡಿಸಿದರು. ಈ ರೇಡಾರಿನ ಹುಟ್ಟೂ ಎರಡನೇ ಮಹಾಯುದ್ಧದ ಕಾಲದ್ದೇ! 1972ರಲ್ಲಿ ಬ್ರಿಟನ್ ವಾಯುಪಡೆಯ 8ನೇ ಸ್ಕ್ವಾಡ್ರನ್ ಇದಕ್ಕಾಗಿಯೇ ಮತ್ತೆ ಶುರುವಾಯಿತು, ಮರುವರ್ಷ ಸ್ಕಾಟ್ಲೆಂಡಿನ ಲಾಸಿಮೌತ್‌ಗೆ ಹೋಯಿತು.

ಎಲ್ಲವೂ ‘ಸದ್ಯಕ್ಕೆ ಇರಲಿ’ ಎಂದು ಮಾಡಿದ್ದು. ಬದಲಿಗೆ ಬರಬೇಕಿದ್ದ, ರೇಡಾರ್ ಹೊತ್ತ ನಿಮ್ರಾಡ್ ವರ್ಷಗಟ್ಟಲೆ ಒದ್ದಾಡಿ 1986ರ ಡಿಸೆಂಬರಿನಲ್ಲಿ ರದ್ದಾಯಿತು. ಬೋಯಿಂಗ್ ಸೆಂಟ್ರಿ ಎಂಬ ರೇಡಾರ್ ಜೆಟ್ ಬರುವವರೆಗೆ, ಅಂದರೆ 1991ರ ತನಕ, ಈ ಪ್ರೊಪೆಲ್ಲರ್ ವಿಮಾನಗಳೇ ಕಾವಲು ಕಾದವು. ತಾತ್ಕಾಲಿಕ ಬಸ್ ನಿಲ್ದಾಣದಲ್ಲಿ ಇಪ್ಪತ್ತು ವರ್ಷ ನಿಂತ ನಮ್ಮ ಓದುಗರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ, ಅಲ್ವಾ? ಇದನ್ನು ನೀವು ಎರಡು ಸಾಲಿನಲ್ಲಿ ಮುಗಿಸಿದ್ದೀರಿ.

‘ಅಜೇಯ’, ‘ಮಹಾನ್’ ಎಲ್ಲ ತೆಗೆಯಿರಿ. ನೆಲದ ಮೇಲೆ ಹಾರುವ ವಿಮಾನವನ್ನು ಆ ರೇಡಾರ್ ಸರಿಯಾಗಿ ಗುರುತಿಸುತ್ತಲೇ ಇರಲಿಲ್ಲ. ಪರದೆ ತುಂಬಾ ಗುಡ್ಡಬೆಟ್ಟಗಳ ಪ್ರತಿಧ್ವನಿ. ಅದರ ನಡುವೆ ವಿಮಾನದ ಚುಕ್ಕೆಯನ್ನು ಹೆಕ್ಕುತ್ತಿದ್ದದ್ದು ಪಳಗಿದ ಆಪರೇಟರನ ಕಣ್ಣು. ಆ ಮನುಷ್ಯ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ನಾಲ್ಕು ಗ್ರಿಫನ್ ಎಂಜಿನ್, ಒಂದೊಂದಕ್ಕೂ ಎದುರುಬದುರು ತಿರುಗುವ ಎರಡು ಪ್ರೊಪೆಲ್ಲರ್. ಅದರ ಸದ್ದಿಗೆ ‘ಗಂಭೀರ ನಾದ’ ಎಂದಿದ್ದೀರಿ. ಅದರೊಳಗೆ ಕೂತು ಕಿವಿ ಮಂದವಾದವರು ನಾದ ಅನ್ನುತ್ತಾರಾ?

ಇನ್ನೊಂದು ಮಾತು, ಇದು ಸ್ವಲ್ಪ ಬೇಸರದ್ದು. ವಿಮಾನಗಳಿಗೆ ಮಕ್ಕಳ ಟಿವಿ ಕಾರ್ಯಕ್ರಮದ ಪಾತ್ರಗಳ ಹೆಸರಿಟ್ಟಿದ್ದರು, ಡೂಗಲ್, ಜೆಬೆಡಿ ಅಂತ. ಆ ತಮಾಷೆಯ ಬೆನ್ನಿಗೇ 1990ರ ಏಪ್ರಿಲ್ 30ರ ಅಪಘಾತ ತಂದಿದ್ದೀರಿ. ಒಂದು ಶ್ಯಾಕಲ್ಟನ್ ಸ್ಕಾಟ್ಲೆಂಡಿನ ಹ್ಯಾರಿಸ್ ದ್ವೀಪದ ಗುಡ್ಡಕ್ಕೆ ಬಡಿದು 10 ಜನ ಸತ್ತರು. ನಗುತ್ತಿದ್ದ ಓದುಗನನ್ನು ಹಾಗೆ ದಬ್ಬಬೇಡಿ. ಅದಕ್ಕೆ ಬೇರೆ ಪ್ಯಾರಾ ಕೊಡಿ.

ಶ್ಯಾಕಲ್ಟನ್ ಕಟ್ಟಿದ ಕಂಪನಿಯನ್ನು ‘ಆವ್ರೋ’ ಎಂದಷ್ಟೇ ಬರೆದರೆ ನಮ್ಮವರಿಗೆ ನಮ್ಮ ವಾಯುಪಡೆಯ ಎಚ್‌ಎಸ್-748 ಸಾಗಣೆ ವಿಮಾನ ನೆನಪಾಗುತ್ತದೆ. ಕಂಪನಿಯ ಬೇರು ಒಂದೇ, ವಿಮಾನ ಬೇರೆ. ಆ 748ರ ಬೆನ್ನ ಮೇಲೂ ತಟ್ಟೆಯಂಥ ರೇಡಾರ್ ಹೊರಿಸಿ ನಮ್ಮ ಬೆಂಗಳೂರಿನ ಕ್ಯಾಬ್ಸ್ (ಡಿಆರ್‌ಡಿಒದ ಸಂಶೋಧನಾ ಕೇಂದ್ರ) ಪರೀಕ್ಷೆ ಮಾಡುತ್ತಿತ್ತು. 1999ರ ಜನವರಿ 11ರಂದು ಅರಕ್ಕೋಣಂ ಬಳಿ ಅದು ಬಿದ್ದು 8 ಜನ ತೀರಿಕೊಂಡರು. ಅದನ್ನು ಇದರೊಳಗೆ ತುರುಕಬೇಡಿ. ಬರೆಯುವಿರಾದರೆ ಬೇರೆಯೇ ಬರೆಯಿರಿ, ನಾನು ಮೊದಲು ಓದುತ್ತೇನೆ.

ಸದ್ಯ ಇದನ್ನು 1200 ಪದಕ್ಕೆ ಇಳಿಸಿ ತಿಂಗಳ ಕೊನೆಯೊಳಗೆ ಕಳಿಸಿ. ಅಳತೆಗಳ ಮೇಲೆ ಅಷ್ಟು ಪ್ರೀತಿಯಿದ್ದರೆ ಬದಿಯಲ್ಲಿ ಚಿಕ್ಕ ಬಾಕ್ಸ್ ಮಾಡಿಸುತ್ತೇನೆ.

— ಸಂಪಾದಕ